ನಾಲ್ಕು ಮೂಲೆಯ ಹೂವು

ಯಲ್ಲಾಪುರ ಸೀಮೆಯ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಒಂದು ಕಟ್ಟಳೆ ಇದೆ. ಹಾಸಿನ ಉದ್ದಗಲಕ್ಕೂ ಬಟ್ಟೆಯ ತುಂಡುಗಳು ಕೂತು, ನಡುವಿನ ಕೊನೆಯ ಚೂರೂ ಹೊಲಿಗೆಗೆ ಸಿಕ್ಕಿದರೂ ಅವರ ಲೆಕ್ಕದಲ್ಲಿ ಅದು ಪೂರ್ತಿಯಾದ ಕೌದಿಯಲ್ಲ. ನಾಲ್ಕು ಮೂಲೆಯಲ್ಲೂ ಬಣ್ಣದ ಪುಟ್ಟ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ತುದಿ ಹೊರಗೆ ಇಣುಕುವ ಹಾಗೆ ಸೇರಿಸಿರಬೇಕು. ಅದನ್ನು ಅವರು ಫೂಲ ಎನ್ನುತ್ತಾರೆ, ಹೂವು. ಫೂಲ ಇಲ್ಲದ ಕೌದಿ ಬತ್ತಲೆ ನಿಂತ ಹಾಗಂತೆ.

ಈ ಹೂವು ಚಳಿ ತಡೆಯುವುದಿಲ್ಲ. ಹಾಸಿಗೆ ಅದರಿಂದ ಬರುವ ಗಟ್ಟಿತನವೂ ಅಷ್ಟರಲ್ಲೇ ಇದೆ. ಹೊದ್ದು ಮಲಗಿದವರಿಗೆ ಕತ್ತಲಲ್ಲಿ ಅದು ಕಾಣುವುದೂ ಇಲ್ಲ. ಹಾಗಿದ್ದರೂ ಹೊಸ ಕಂಬಳಿ ಕೊಳ್ಳಲಾಗದ ಮನೆಯಲ್ಲಿ, ಹಗಲಿಡೀ ಕಾಡು ತೋಟ ತಿರುಗಿ ಬಂದವಳು, ಮಕ್ಕಳು ಚಳಿಗೆ ಮುದುಡಬಾರದೆಂದು ಹೊಲಿಯುವ ಹಾಸಿಗೆ ಈ ಹೂವು ಬೇಕೇ ಬೇಕು. ಹೊಲಿಗೆ, ಮನೆಯ ಅಲಂಕಾರ, ಕೈಯಾರೆ ಮಾಡಿಕೊಳ್ಳುವುದು ಎಂಬ ಮಾತು ಬಂದಾಗೆಲ್ಲ ನನ್ನ ತಲೆಯಲ್ಲಿ ಮೊದಲು ಬಂದು ಕೂರುವುದು ಈ ನಾಲ್ಕು ಮೂಲೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗಾದೆ ಒಂದಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬಡವರು ಸಿಂಗರಿಸಿಕೊಂಡರೆ ನಗುವುದಕ್ಕೆಂದೇ ಹುಟ್ಟಿದ ಮಾತು. ಮೊದಲು ಅನ್ನ, ಆಮೇಲೆ ಸೂರು, ಅದೆಲ್ಲ ಆಗಿ ಕೈಯಲ್ಲಿ ಏನಾದರೂ ಉಳಿದರೆ ಚಂದ. ಇದು ಗಾದೆ ಹಾಕಿಕೊಟ್ಟ ಸಾಲು. ಹಾಗೆ ಸಾಲು ಹಚ್ಚಿದವರ ಮನೆಯಲ್ಲಿ ಹಿಟ್ಟಿಗೂ ಹೂವಿಗೂ ಕೊರತೆ ಇರಲಿಲ್ಲ ಎಂದು ನನಗೆ ಗಟ್ಟಿ ಅನುಮಾನ. ಸಿದ್ದಿ ಕೌದಿಯಲ್ಲಿ ಇನ್ನೊಂದು ರೂಢಿಯಿದೆ. ನಡುವಿನ ಕೊನೆಯ ತುಂಡನ್ನು ಹೊಲಿದು ಮುಚ್ಚುವ ಮೊದಲು ಕೆಲವರು ಅದರಡಿ ಒಂದಿಷ್ಟು ಅಕ್ಕಿಕಾಳು ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅದು. ಹೊಟ್ಟೆಗೆ ಅಕ್ಕಿ, ಮೂಲೆಗೆ ಹೂವು, ಎರಡೂ ಒಂದೇ ಹಾಸಿನಲ್ಲಿ, ಒಂದೇ ದಾರದಲ್ಲಿ. ಗಾದೆ ಹಿಂದೆಮುಂದೆ ನಿಲ್ಲಿಸಿದ್ದನ್ನು ಈ ಹೆಂಗಸರು ಒಟ್ಟಿಗೆ ಕೂರಿಸಿದ್ದಾರೆ. ಯಾರೊಡನೆ ವಾದಕ್ಕೂ ಹೋಗದೆ, ಸೂಜಿ ಹಿಡಿದುಕೊಂಡೇ.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ, ಶಿರಸಿಯ ಕೆಲವು ಕಡೆಗಳಲ್ಲೂ ಅವರ ಮನೆಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇದ್ದಾರೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ಮೂಲೆಯ ಹೂವಿಗೆ ಮಾತ್ರ ಜಾತಿಮತವಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಷ್ಟು ಕಾಲ ಸರಕಾರದ ಕಣ್ಣಿಗೂ ಪೂರ್ತಿ ಬೀಳದಿದ್ದ ಜನ ಇವರು. ಕಾಡಿನಲ್ಲಿ ನೆಲೆ ನಿಂತವರಿಗೆ ಮೈಮೇಲಿನ ಬಟ್ಟೆಯೇ ಆಸ್ತಿ. ಅದು ಹರಿದ ಮೇಲೂ ಆಸ್ತಿಯೇ.

ಕೌದಿಯ ಬಣ್ಣಗಳು ಬಂದದ್ದು ಎಲ್ಲಿಂದ ಎಂದು ಕೇಳಿದರೆ ನಮ್ಮಂಥವರಿಗೆ ಸ್ವಲ್ಪ ಇರುಸುಮುರುಸು. ಈ ಕಡೆಯ ಅಡಿಕೆ ತೋಟಗಳಲ್ಲಿ ಸಿದ್ದಿಗಳು ತಲೆಮಾರುಗಟ್ಟಲೆ ದುಡಿದಿದ್ದಾರೆ. ಕೂಲಿಯ ಜೊತೆ ಹಬ್ಬಕ್ಕೋ ಮದುವೆಗೋ ಹಳೆಯ ಸೀರೆ, ಹಳೆಯ ಅಂಗಿ ಕೊಡುವುದು ದೊಡ್ಡ ಮನೆಗಳ ವಾಡಿಕೆ. ಕೊಟ್ಟವರು ಅದನ್ನು ಉಪಕಾರದ ಖಾತೆಗೆ ಬರೆದುಕೊಂಡರು. ಮನೆಯಲ್ಲಿ ಜಾಗ ಖಾಲಿಯಾದದ್ದನ್ನು ಯಾವ ಖಾತೆಗೆ ಬರೆದರೋ ತಿಳಿಯದು. ಇಸಗೊಂಡವಳು ಆ ಸೀರೆಯನ್ನು ಮೊದಲು ಉಟ್ಟಳು, ಹರಿದ ಮೇಲೆ ಮಗುವಿಗೆ ಜೋಲಿ ಕಟ್ಟಿದಳು, ಜೋಲಿಯೂ ಸವೆದ ಮೇಲೆ ಗಟ್ಟಿ ಉಳಿದ ಭಾಗ ಕತ್ತರಿಸಿ ಕೌದಿಗೆ ಹಾಕಿದಳು. ಒಂದೇ ಬಟ್ಟೆಯ ಮೇಲೆ ನಮಗೂ ಅವಳಿಗೂ ಇರುವ ಹಕ್ಕನ್ನು ತೂಗಲು ಕೂತರೆ ಅವಳ ತಟ್ಟೆಯೇ ಕೆಳಗೆ ಹೋಗುತ್ತದೆ. ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಈಗ ನಾವು ಚೀಲ ತುಂಬಿ ದಾನ ಕೊಡುವ ಹಳೆ ಬಟ್ಟೆಯಲ್ಲಿ ಮುಕ್ಕಾಲು ಪಾಲು ಪಾಲಿಯೆಸ್ಟರ್. ಬೆವರು ಹೀರದು, ಉಗಿ ಹೊರಗೆ ಬಿಡದು, ಕೌದಿಯಾಗಿ ಹೊದ್ದರೆ ಮೈ ಬೇಯುತ್ತದೆ. ಅದನ್ನು ದಾನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೌದಿಯ ಮೂಲೆಯಲ್ಲಿ ಕಂಡದ್ದು ಯಲ್ಲಾಪುರಕ್ಕಷ್ಟೇ ಸೇರಿದ ಸಂಗತಿಯೂ ಅಲ್ಲ. ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ಹೊತ್ತಿಗೆ ಬುಟ್ಟಿ ಬರೆಯುತ್ತಾರೆ. ಭತ್ತದ ಗದ್ದೆ ಹೊಡೆ ತುಂಬಿ ನಿಂತ ಕಾಲ, ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸಲು ಬಗೆಬಗೆಯ ಸೊಪ್ಪು ಸೇರಿಸಿ ಹಚ್ಚಂಬಲಿ ಬೇಯಿಸಿ, ಬೆಳಕು ಹರಿಯುವ ಮೊದಲೇ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಚರಗ ಚೆಲ್ಲಬೇಕು. ಆ ಭೂಮಣ್ಣಿ ಬುಟ್ಟಿಯೇ ಚಿತ್ತಾರದ ಹಲಗೆ. ಬಿದಿರ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ ಬಣ್ಣ. ಕುಂಚ ಎಂದರೆ ಪುಂಡಿ ನಾರು. ಎಳೆಯ ಪಕ್ಕ ಎಳೆ ಬರೆಯುವಾಗ ಕೈ ನಡುಗಬಾರದು; ಬರೆಯುತ್ತಿರುವವಳನ್ನು ಮಾತಾಡಿಸಲು ಮನೆಯವರೂ ಹಿಂದೆಮುಂದೆ ನೋಡುತ್ತಾರೆ. ಇಷ್ಟೆಲ್ಲ ಮಾಡಿದ ಬುಟ್ಟಿ ಕೊನೆಗೆ ಹೊರುವುದು ಅನ್ನ, ಸೊಪ್ಪು, ಕಡುಬು. ಕಪಾಟಿನ ಮೇಲೆ ಕೂರುವುದಕ್ಕೆ ಹುಟ್ಟಿದ ಬುಟ್ಟಿಯಲ್ಲ ಅದು. ನಸುಕಿನ ಇಬ್ಬನಿಯಲ್ಲಿ ಗದ್ದೆಯ ಅಂಚು ಹಾಯ್ದು ಮನೆಗೆ ಬರುವಷ್ಟರಲ್ಲಿ ಬಣ್ಣ ಅಷ್ಟಿಷ್ಟು ಉದುರಿರುತ್ತದೆ. ಯಾರೂ ಗೋಳಾಡುವುದಿಲ್ಲ. ಬರುವ ವರ್ಷ ಮತ್ತೆ ಬರೆದರಾಯಿತು.

ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯ ಮೇಲೆ ಕಾವಿ ಚಿತ್ರಗಳಿವೆ. ಜಾತ್ರೆಯ ನೂಕುನುಗ್ಗಲಲ್ಲಿ ಅವನ್ನು ನಿಂತು ನೋಡಿದವರು ಕಡಿಮೆ. ಕಾವಿ ಕೆಲಸದಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿ ಇರುವಾಗಲೇ ಚೂಪಾದ ಕಡ್ಡಿಯಿಂದ ಕೆರೆದು ಒಳಗಿನ ಬಿಳಿಯನ್ನು ಮೇಲೆ ತರುತ್ತಾರೆ. ಆನೆ, ಬಳ್ಳಿ, ದೇವರು ಎಲ್ಲ ಗಾರೆಯ ಒಳಗೇ ಹುಟ್ಟುತ್ತವೆ. ಚಿತ್ರವನ್ನು ಬಿಚ್ಚಿ ಬೇರೆ ಕಡೆ ತೂಗಹಾಕುವ ಹಾಗಿಲ್ಲ, ಏಕೆಂದರೆ ಮಳೆ ತಡೆಯುವ ಗೋಡೆಯೂ ಅದೇ. ಚೌತಿಯಲ್ಲಿ ಗಣಪತಿಯ ನೆತ್ತಿಯ ಮೇಲೆ ಕಟ್ಟುವ ಫಲಾವಳಿಯೂ ಇದೇ ಜಾತಿಯದು. ಸಿಂಗಾರ, ಅಡಿಕೆ ಗೊನೆ, ಮೊಗೆಕಾಯಿ, ಕಂಚಿ, ಹೆಸರು ಮರೆತ ಕಾಡುಕಾಯಿಗಳು. ಇಳಿಸಿದ ಮೇಲೆ ಅದರಲ್ಲಿ ಹಲವು ಅಡುಗೆಮನೆಗೇ ನಡೆಯುತ್ತವೆ.

ಒಟ್ಟಿನಲ್ಲಿ ಈ ಮೂರು ತಾಲೂಕಿನ ಹಳೆಯ ಚಂದಗಳಿಗೆಲ್ಲ ಒಂದೊಂದು ಉದ್ಯೋಗ ಇತ್ತು. ಬರೀ ಚಂದಕ್ಕೆಂದು ಕೂತುಣ್ಣುವ ವಸ್ತು ಮನೆಯಲ್ಲಿ ಅಪರೂಪ. ಇದು ಬಡತನದಿಂದ ಬಂದ ಶಿಸ್ತು ಎನ್ನಬಹುದು, ಒಪ್ಪುತ್ತೇನೆ. ಅದೇ ಶಿಸ್ತನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಉದ್ಯೋಗ ಇದ್ದ ಪ್ರತಿ ವಸ್ತುವಿಗೂ ಒಂದಿಷ್ಟು ಚಂದ ಇರಲೇಬೇಕೆಂಬ ಹಟವೂ ಅಲ್ಲೇ ಇತ್ತು. ನಾವು ಆಮೇಲೆ ಮಾಡಿದ್ದು ಇವೆರಡನ್ನು ಬೇರೆ ಹಾಕಿದ್ದು. ದುಡಿಯುವ ವಸ್ತುಗಳು ಬೋಳಾದವು: ಪ್ಲಾಸ್ಟಿಕ್ ಬಕೆಟ್ಟು, ನೈಲಾನ್ ಹಗ್ಗ, ಯಾರ ಮನೆಯದೂ ಆಗಬಹುದಾದ ಕಾಲೊರಸು. ಚಂದವೆಲ್ಲ ಹಜಾರದ ಷೋಕೇಸು ಸೇರಿ, ಧೂಳು ಹಿಡಿಯುತ್ತ ನೆಂಟರು ಬರುವುದನ್ನು ಕಾಯುತ್ತ ಕೂತಿತು.

ಮನೆಯಿಂದಲೇ ಕಂಪನಿ ಕೆಲಸ ಮಾಡುವ ಅನುಕೂಲ ಸಿಕ್ಕಮೇಲೆ ಅಣ್ಣನ ಮಗಳು ಬೆಂಗಳೂರು ಬಿಟ್ಟು ಊರಲ್ಲೇ ಇದ್ದಾಳೆ. ಸಂಜೆ ಲ್ಯಾಪ್‌ಟಾಪು ಮುಚ್ಚಿದ ಮೇಲೆ ಕೈ ಸುಮ್ಮನಿರುವುದಿಲ್ಲವಂತೆ.

“ಅತ್ತೆ, ಎಂಗೂ ಎಂತಾರೂ ಹೊಲ್ಯಲೆ ಕಲ್ಸಿಕೊಡು. ಮನೆ ಚಂದ ಕಾಣವು.”

“ಚಂದ ಆಮೇಲೆ ನೋಡನ. ಮೊದ್ಲು ಮನೇಲಿ ಎಂತೆಂತ ಹರದೋಯ್ದು ಹೇಳಿ ನೋಡ್ಕಂಡು ಬಾ.”

ಅವಳ ಮುಖ ಸಪ್ಪೆಯಾಯಿತು. ತಪ್ಪು ಅವಳದಲ್ಲ. ಹೊಸದಾಗಿ ಕಲಿಯುವವರಿಗೆಂದು ಈಗ ಸಿಗುವ ಸಾಮಾನಿನ ಪೊಟ್ಟಣಗಳನ್ನು ನೋಡಿ: ಅಳತೆಗೆ ಕತ್ತರಿಸಿಟ್ಟ ಹೊಸ ಬಟ್ಟೆ, ಬಣ್ಣದ ದಾರ, ಅಂಟು ಸುರಿಸುವ ಗನ್ನು, ಪ್ಲಾಸ್ಟಿಕ್ ಎಲೆ, ಕೊನೆಗೆ ಗೋಡೆಗೆ ಹೊಡೆಯುವ ಮೊಳೆಯೂ. ಹಳತನ್ನು ಮತ್ತೆ ಬಳಸಿ ಎಂದು ಹೊರಗೆ ಬರೆದ ಪೊಟ್ಟಣದೊಳಗೂ ಹೊಸ ಪ್ಲಾಸ್ಟಿಕ್ಕೇ. ಮಾಡಿದ್ದಾದ ಮೇಲೆ ಅದಕ್ಕೆ ಮನೆಯಲ್ಲಿ ಕೆಲಸವಿಲ್ಲ, ತೂಗಿಸಿಕೊಂಡು ಇರಬೇಕು ಅಷ್ಟೆ. ಮೇಲಾಗಿ ಮಲೆನಾಡಿನ ಗೋಡೆ ಎಂಥದೆಂದು ಅವನ್ನು ಮಾರುವವರಿಗೆ ಗೊತ್ತಿಲ್ಲ. ಜೂನ್ ಕಳೆಯುವಷ್ಟರಲ್ಲಿ ಗೋಡೆಗೆ ತಾಗಿದ ಬಟ್ಟೆಯ ಹಿಂದೆ ಬೂಷ್ಟು ಏಳುತ್ತದೆ. ತೊಳೆಯಲಾಗದ, ಒಣಗಿಸಲಾಗದ ಅಲಂಕಾರ ನಮ್ಮ ಕಡೆ ಒಂದು ಮಳೆಗಾಲವೂ ಬಾಳುವುದಿಲ್ಲ. ಹೆಚ್ಚಿನಂಶ ಈ ಮಳೆಯೇ ನಮ್ಮ ಹಿರಿಯರಿಗೆ ಶಿಸ್ತು ಕಲಿಸಿದ್ದು.

ನಾನು ಅವಳಿಗೆ ಸೂಚಿಸಿದ್ದು ಕೂರುವ ಹಾಸು. ಚಳಿಗಾಲದಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವವರಿಗೆ ಅಡಿಗೊಂದು ಮೆತ್ತನೆಯದು ಬೇಕಲ್ಲ. ಒಂದೂವರೆ ಅಡಿ ಚೌಕ ಸಾಕು. ಹೊಸ ಕೈಗೆ ಹೇಳಿ ಮಾಡಿಸಿದ ಅಳತೆ. ಬೇಸರ ಬರುವ ಮೊದಲೇ ಮುಗಿಯುತ್ತದೆ. ಅದನ್ನು ಸಿದ್ದಿ ಹೆಂಗಸರ ಕ್ರಮದಲ್ಲೇ ಹೊಲಿಯುವುದು ಒಳ್ಳೆಯದು. ಪುಸ್ತಕದ ಕ್ರಮದಲ್ಲಾದರೆ ಮೊದಲು ಮೇಲಿನ ತುಂಡುಗಳನ್ನೆಲ್ಲ ಅಳೆದು ಜೋಡಿಸಿ, ಇಸ್ತ್ರಿ ಮಾಡಿ, ನಡುವೆ ಹತ್ತಿಯ ಹಾಸು ಇಟ್ಟು, ಅಡಿಗೊಂದು ಬಟ್ಟೆ ಸೇರಿಸಿ, ಆಮೇಲೆ ಮೂರನ್ನೂ ಕೂಡಿಸಿ ಹೊಲಿಯಬೇಕು. ಸ್ವಲ್ಪ ಅಳತೆ ತಪ್ಪಿದರೂ ಎಲ್ಲ ವಾರೆ. ಸಿದ್ದಿ ಕ್ರಮದಲ್ಲಿ ಜೋಡಿಸುವುದು, ಕೂಡಿಸುವುದು, ಹೊಲಿಯುವುದು ಮೂರೂ ಒಂದೇ ಓಟದಲ್ಲಿ ಆಗುತ್ತವೆ. ಅಳತೆಪಟ್ಟಿ ಬೇಡ, ನಕ್ಷೆ ಬೇಡ.

ಅಡಿಗೆ ಹಳೆಯ ಹತ್ತಿ ಸೀರೆಯೋ ಪಂಚೆಯೋ ಎರಡು ಮಡಿಕೆ. ಶುರು ಮಾಡುವುದು ಒಂದು ಮೂಲೆಯಿಂದ. ಅಡಿಬಟ್ಟೆಯ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ತುಂಡಿನ ಅಂಚನ್ನೂ ಹಾಗೇ ಮಡಚಿ, ಒಂದರ ಮೇಲೊಂದು ಕೂರಿಸಿ ಎಲ್ಲ ಪದರಕ್ಕೂ ಸೂಜಿ ದಾಟುವ ಹಾಗೆ ಮುಂದೆ ಮುಂದೆ ಹೊಲಿಯುತ್ತ ಹೋಗುವುದು. ಮೊದಲ ತುಂಡಿನ ಕೊನೆ ಬಂತೆನ್ನುವಾಗ ಎರಡನೆಯದನ್ನು ಅದರಡಿಗೆ ತೂರಿಸುವುದೋ, ಮೇಲೆ ಮಡಚಿ ಕೂರಿಸುವುದೋ, ಕೈಗೆ ತೋಚಿದಂತೆ. ನಾಲ್ಕೂ ಅಂಚು ಸುತ್ತಿ ಬಂದ ಮೇಲೆ ಅರ್ಧ ಬೆರಳು ಒಳಗೆ ಸರಿದು ಮತ್ತೊಂದು ಸುತ್ತು. ಹೀಗೆ ಹೊರಗಿನಿಂದ ಒಳಗೆ, ಸುತ್ತು ಕಿರಿದಾಗುತ್ತ ಆಗುತ್ತ ನಡುವಿನ ತುಂಡಿಗೆ ಬಂದು ನಿಲ್ಲುತ್ತದೆ. ದಾರ ಒಂದು ಮೊಳಕ್ಕಿಂತ ಹೆಚ್ಚು ಉದ್ದ ತೆಗೆದುಕೊಳ್ಳಬಾರದು, ಸಿಕ್ಕಾಗುತ್ತದೆ. ಎಳೆದು ಬಿಗಿ ಮಾಡಲೂ ಬಾರದು, ಬಟ್ಟೆ ನೆರಿಗೆ ಕಟ್ಟುತ್ತದೆ. ಜೀನ್ಸು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೂರು ಪದರ ಜೀನ್ಸಿಗೆ ಸೂಜಿ ಚುಚ್ಚಿ ಬೆರಳು ನೋಯಿಸಿಕೊಂಡ ಮೇಲೆ ಹೋಗುತ್ತದೆ. ಹೊಸ ಬಟ್ಟೆ ಇದ್ದರೆ ನೆನೆಸಿ ಒಣಗಿಸಿಯೇ ಹಾಕಬೇಕು. ಇಲ್ಲದಿದ್ದರೆ ಮೊದಲ ತೊಳೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಹತ್ತು ಸಲ ತೊಳೆದ ಬಟ್ಟೆಗೆ ಅಂಥ ಹಟವೆಲ್ಲ ಇಳಿದಿರುತ್ತದೆ.

ಹೂವಿಗೆ ಮೂರಿಂಚು ಚೌಕದ ತುಂಡು. ಮೂಲೆಯಿಂದ ಮೂಲೆಗೆ ಒಮ್ಮೆ ಮಡಚಿ, ಇನ್ನೊಮ್ಮೆ ಮಡಚಿದರೆ ಪುಟ್ಟ ತ್ರಿಕೋನ. ಅಂಥವು ಎರಡು ಮೂರು ಬಣ್ಣದವು ಒಂದರೊಳಗೊಂದು. ಬಿಚ್ಚಿದ ಅಂಚು ಮೂಲೆಯ ತುಂಡಿನಡಿ ಅಡಗಿರಬೇಕು, ಚೂಪು ತುದಿ ಹೊರಗಿರಬೇಕು. ಹೊಸಬರು ಮೂಲೆ ಹೊಲಿಯುವಾಗಲೇ ಸೇರಿಸಿಬಿಟ್ಟರೆ ಸುಲಭ.

ಈ ಕ್ರಮದಲ್ಲಿ ಹೊಲಿಯುವಾಗ ಮುಂದಿನ ತುಂಡು ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಗಂಟಿನಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು, ಪಕ್ಕದ ಬಣ್ಣಕ್ಕೆ ಒಗ್ಗುತ್ತದೆ ಅನ್ನಿಸಿದ್ದು, ಅಥವಾ ಬರೀ ಆ ಜಾಗಕ್ಕೆ ಸರಿಹೊಂದಿದ್ದು. ಚೂರು ಸಣ್ಣದೆಂದು ಬಿಸಾಡುವುದಿಲ್ಲ. ಸಣ್ಣ ಚೂರಿಗೆ ಸಣ್ಣ ಜಾಗ ಎಲ್ಲೋ ಇದ್ದೇ ಇರುತ್ತದೆ. ತಮ್ಮನ ಶಾಲೆಯ ಅಂಗಿ ಅಜ್ಜಿಯ ಇಳಕಲ್ ಸೀರೆಯ ಪಕ್ಕ ಬಂದು ಕೂರುತ್ತದೆ. ಪಕ್ಕದವರು ಯಾರೆಂದು ಕೇಳದೆ ಜಾಗ ಬಿಟ್ಟುಕೊಡುವ ಗುಣ ಬಟ್ಟೆಗೆ ಇದೆ. ಮನುಷ್ಯರ ವಿಷಯಕ್ಕೆ ಬಂದರೆ, ಕೌದಿ ಹೊಲಿದವಳನ್ನು ಎಷ್ಟು ಮನೆಗಳು ಒಳಜಗುಲಿಯವರೆಗೆ ಕರೆದವು ಎಂಬ ಲೆಕ್ಕ ತೆಗೆಯಬೇಕಾಗುತ್ತದೆ.

ಹೊಲಿಗೆ ಮಷೀನು ಬೇಡವೇ ಎಂದು ಹೊಸಬರೆಲ್ಲ ಕೇಳುತ್ತಾರೆ. ಬೇಕಾದವರು ಇಟ್ಟುಕೊಳ್ಳಲಿ. ಯಂತ್ರಗಳ ಮೇಲೆ ಕಣ್ಣು ಕೆಂಪಗೆ ಮಾಡಿದ್ದ ಗಾಂಧೀಜಿಯೇ 1924ರಲ್ಲಿ ರಾಮಚಂದ್ರನ್ ಎಂಬ ಯುವಕನ ಜೊತೆಗಿನ ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. 1851ರಲ್ಲಿ ಪೇಟೆಂಟ್ ಪಡೆದ ಆ ಐಸಾಕ್ ಸಿಂಗರ್ ಹಲವು ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆಯಾದ ಮಹಾಶಯ. ಯಾವ ಹೆಂಡತಿಯ ದಣಿವು ನೋಡಿ ಮರುಗಿದನೋ ಅವನೇ ಹೇಳಬೇಕಿತ್ತು. ಗಾಂಧೀಜಿಗೆ ಸಿಂಗರ್ ಸರಿಯಾಗಿ ಗೊತ್ತಿರಲಿಲ್ಲ. ಹೊಲಿಯುವ ಹೆಂಗಸಿನ ಬೆನ್ನುನೋವು ಮಾತ್ರ ಸರಿಯಾಗಿ ಗೊತ್ತಿತ್ತು. 1930ರ ದಶಕದ ನಡುವಿನಲ್ಲಿ ಕೊಲ್ಕತ್ತದಲ್ಲಿ ಉಷಾ ಮಷೀನು ತಯಾರಾಗತೊಡಗಿತು. ಮುಂದೆ ಅದು ಹಳ್ಳಿಗಳನ್ನೂ ತಲುಪಿ ಎಷ್ಟೋ ವಿಧವೆಯರ, ಗಂಡ ಬಿಟ್ಟವರ ಹೊಟ್ಟೆ ಹೊರೆಯಿತು. ಅದರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ದಿಂಬಿನ ಗವಸಿಗೆ ಮಷೀನೇ ಸರಿ: ಹದಿನಾರು ಇಂಚಿನ ದಿಂಬಿಗೆ 17 ಇಂಚು ಅಗಲ, 40 ಇಂಚು ಉದ್ದದ ಸೀರೆಯ ತುಂಡು. ಎರಡು ತುದಿಯನ್ನೂ ಒಂದೊಂದು ಇಂಚು ಮಡಚಿ ಹೊಲಿದು, ಬೆನ್ನಿನ ಮೇಲೆ ಒಂದರ ಮೇಲೊಂದು ಆರಿಂಚು ಬರುವಂತೆ ಮಗುಚಿ, ಎರಡು ಪಕ್ಕ ಹೊಲಿದು ತಿರುವಿದರೆ ಆಯಿತು. ಜಿಪ್ಪು ಬೇಡ, ಗುಂಡಿ ಬೇಡ. ಕೌದಿಗೆ ಮಾತ್ರ ಕೈಯೇ ಬೇಕು. ಅಷ್ಟು ಪದರಗಳನ್ನು ಮನೆಯ ಮಷೀನಿನ ಕಾಲಡಿ ತಳ್ಳಿದರೆ ಸೂಜಿ ಮುರಿಯುತ್ತದೆ. ಕೈಯ ಬಿಡಿ ಹೊಲಿಗೆಗಳ ನಡುವೆ ಬಟ್ಟೆ ತುಸು ಉಬ್ಬಿ ಗಾಳಿ ಹಿಡಿದುಕೊಳ್ಳುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ.

ಸಿದ್ದಿ ಕೌದಿ ಈಗ ಲೋಕ ತಿರುಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಹಿಂದೆ ಬಿದ್ದರು. 2004ರ ಸುಮಾರಿಗೆ ಕೌದಿ ಹೊಲಿಯುವ ಸಿದ್ದಿ ಮಹಿಳೆಯರ ಸಹಕಾರಿ ಗುಂಪೊಂದು ರೂಪುಗೊಂಡಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯರ ಚರಿತ್ರೆಗೆಂದೇ ಇರುವ ಶೋಂಬರ್ಗ್ ಕೇಂದ್ರದಲ್ಲಿ ನಮ್ಮ ಕಾಡಂಚಿನ ಹಾಸುಗಳು ಪ್ರದರ್ಶನ ಕಂಡವು. ಅಲ್ಲಿಯವರಿಗೆ ಅದು ಪೂರ್ತಿ ಹೊಸತೇನಲ್ಲ. ಅಲಬಾಮದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಹತ್ತಿ ತೋಟದ ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು ಹರಿದ ಕೆಲಸದ ಬಟ್ಟೆಗಳಿಂದ ಇಂಥದೇ ಹೊದಿಕೆ ಹೊಲಿಯುತ್ತಿದ್ದರು. ಅವು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯಕ್ಕೆ ಬಂದಾಗ ವಿಮರ್ಶಕರು ದೊಡ್ಡ ದೊಡ್ಡ ಚಿತ್ರಕಾರರ ಹೆಸರು ಹಿಡಿದು ಹೋಲಿಸಿದರು. ಒಂದು ಕಡಲ ಆಚೆಗೆ ಒಯ್ಯಲ್ಪಟ್ಟವರು, ಇನ್ನೊಂದು ಕಡಲ ಈಚೆಗೆ ತರಲ್ಪಟ್ಟವರು. ಇಬ್ಬರ ಕೈಗೂ ಸಿಕ್ಕಿದ್ದು ಯಜಮಾನಿಕೆಯ ಕಾಲದಿಂದ ಉಳಿದ ಹರಕು, ಇಬ್ಬರೂ ಮಾಡಿದ್ದು ಹೊದಿಕೆ. ಆಫ್ರಿಕದ ನೆನಪು ಬೆರಳುಗಳಲ್ಲಿ ಉಳಿದು ಬಂತೆಂದು ಕೆಲವರು ವಾದಿಸುತ್ತಾರೆ. ನನಗೆ ಅಷ್ಟು ದೂರ ಹೋಗುವ ಧೈರ್ಯವಿಲ್ಲ. ಬಂಗಾಳದ ಹೆಂಗಸರು ಹಳೆ ಸೀರೆ ಪದರ ಹಾಸಿ, ಅದರ ಅಂಚಿನಿಂದಲೇ ಬಣ್ಣದ ಎಳೆ ಬಿಚ್ಚಿ ಕಾಂಥಾ ಹೊಲಿದರು. ಅವರನ್ನು ಯಾವ ಹಡಗೂ ತಂದಿರಲಿಲ್ಲ. ಚಳಿ ಇದ್ದಲ್ಲಿ, ಹರಕು ಇದ್ದಲ್ಲಿ, ತಾಯಿ ಇದ್ದಲ್ಲಿ ಕೌದಿ ಹುಟ್ಟುತ್ತದೆ.

ಪ್ರದರ್ಶನದಿಂದ ಹೊಲಿದವರಿಗೆ ಹಣ ಬಂದರೆ, ಹೆಸರು ಬಂದರೆ, ಅದಕ್ಕಿಂತ ಸಂತೋಷವಿಲ್ಲ. ಕಾಸಿಗಾಗಿ ಹೊಲಿದರೆ ಕಲೆ ಕೆಡುತ್ತದೆ ಎಂದು ಮೂಗೆಳೆಯುವವರು ತಮ್ಮ ಸಂಬಳ ಬಿಟ್ಟು ಆಮೇಲೆ ಮಾತಾಡಲಿ. ನನ್ನ ತಕರಾರು ಕೊಂಡವರ ಮೇಲೆ, ಅದೂ ನಮ್ಮವರ ಮೇಲೆ. ನಮ್ಮ ತೋಟದ ಕೆಲಸದವಳ ಮನೆಯಲ್ಲಿ ಮಡಚಿಟ್ಟಿದ್ದಾಗ ಅದು ಹರಕು ಹಾಸು. ಅಮೆರಿಕದಲ್ಲಿ ಫೋಟೋ ಬಂದ ಮೇಲೆ ಅದೇ ಹಾಸನ್ನು ತಂದು, ಚೌಕಟ್ಟು ಹಾಕಿಸಿ, ಹಜಾರದಲ್ಲಿ ತೂಗುತ್ತೇವೆ, ಕೆಳಗೊಂದು ದೀಪವನ್ನೂ ಇಡುತ್ತೇವೆ. ಮೂಲೆಯ ಹೂವಿನ ಬೆಲೆ ನಮಗೆ ಕಾಣಲು ಅದು ಸಮುದ್ರ ದಾಟಿ ಬರಬೇಕಾಯಿತು. ಬಂದ ಮೇಲಾದರೂ ನಾವು ಮಾಡಿದ್ದೇನು? ಹೂವಿಟ್ಟುಕೊಂಡು ಚಳಿ ತಡೆಯುತ್ತಿದ್ದುದನ್ನು ಕೆಲಸದಿಂದ ಬಿಡಿಸಿ ಷೋಕೇಸಿನ ಸಾಲಿಗೆ ಸೇರಿಸಿದೆವು.

ಅಣ್ಣನ ಮಗಳ ಹಾಸು ಸಂಕ್ರಾಂತಿಗೆ ಮೊದಲು ತಯಾರಾಯಿತು. ಸುತ್ತುಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಬಂದಿವೆ. ನಡುವಿನ ತುಂಡು ನಡುವಿಗಿಂತ ಎಡಕ್ಕೇ ಹೆಚ್ಚು. ಮೂಲೆಗೆ ತನ್ನ ಹಳೆಯ ಆಫೀಸು ದುಪಟ್ಟಾದ ಕೆಂಪು ಹೂವು ಇಟ್ಟಿದ್ದಾಳೆ. ಅದರ ಮೇಲೆ ಮೊದಲು ಕೂತವರು ಸುಲಿಯಲು ಬಂದಿದ್ದ ಹಿರಿಯ ಹೆಂಗಸು. ಕೂರುವ ಮೊದಲು ಕೈಯಿಂದ ಸವರಿ, “ಇದರ ಮೇಲೆ ಕೂರೂದಾ ಅಕ್ಕ? ಮಣ್ಣಾಗ್ತದಲ್ಲ” ಎಂದರು. ಕೂರುವುದಕ್ಕೇ ಹೊಲಿದದ್ದು ಎಂದು ಹುಡುಗಿಯೇ ಹೇಳಿದಳು. ಮಣ್ಣಾಯಿತು. ಅಡಿಕೆ ಚೊಗರಿನ ಕಲೆಯೂ ಬಿತ್ತು, ಅದು ಸುಲಭಕ್ಕೆ ಹೋಗುವ ಕಲೆಯಲ್ಲ. ಈಗ ಅವಳು ದೊಡ್ಡದಕ್ಕೆ ಕೈ ಹಾಕುವೆನೆಂದು ಮನೆಮನೆಯ ಹಳೆ ಸೀರೆ ಕೇಳುತ್ತ ತಿರುಗುತ್ತಿದ್ದಾಳೆ; ಮದುವೆಯ ಕೌದಿ ಹೊಲಿಯುತ್ತಿರಬೇಕೆಂದು ಊರಲ್ಲಿ ಸುದ್ದಿ.

ಯಲ್ಲಾಪುರದ ಕಡೆ ಹೋದವರು ಕೌದಿ ಕೊಂಡರೆ ಕೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ತಂದದ್ದನ್ನು ಹೊದೆಯಿರಿ. ಒಂದು ತುಂಡು ಸವೆದರೆ ಅದರ ಮೇಲೆ ನಿಮ್ಮ ಮನೆಯದೇ ಹತ್ತಿ ಬಟ್ಟೆಯೊಂದನ್ನು ಅಂಚು ಮಡಚಿ ಹೊಲಿಯಿರಿ, ಹಳೆಯದನ್ನು ಕತ್ತರಿಸಿ ತೆಗೆಯುವ ಅಗತ್ಯವಿಲ್ಲ. ತಣ್ಣೀರಲ್ಲಿ ನೆನೆಸಿ ಕಾಲಿಂದ ತುಳಿದು ತೊಳೆಯಬೇಕು, ಹಿಂಡಬಾರದು. ನೀರು ತಾನಾಗಿ ಇಳಿಯುವಂತೆ ಬೇಲಿಯ ಮೇಲೆ ಹರವಿ, ಮಧ್ಯಾಹ್ನ ಮಗುಚಬೇಕು. ತೊಳೆಯುವುದಾದರೆ ಏಪ್ರಿಲಿನಲ್ಲೇ ತೊಳೆಯಿರಿ. ಆಷಾಢದಲ್ಲಿ ನೀರಿಗೆ ಹಾಕಿದಿರೋ, ಚೌತಿಗೂ ಒಣಗುವುದಿಲ್ಲ, ಮನೆಯವರ ಬೈಗುಳವೂ ಅಲ್ಲಿಯವರೆಗೆ ನಿಲ್ಲುವುದಿಲ್ಲ.